ಟೇಲರಬಾಯಿ ತಡೆದಿಟ್ಟ ಜಂಪರ್

ಟೇಲರಬಾಯಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹೊಲಿಗೆ ಮಷಿನ್ನಿನ ಸೂಜಿ ಒಮ್ಮೆ ಅದರೊಳಗಿಂದ ಹಾಯ್ದಿತ್ತಂತೆ. ಆ ಸೀಳಿನಲ್ಲಿ ಯಾವಾಗಲೂ ದಾರದ ಎಳೆಯೊಂದು ಸಿಕ್ಕಿಕೊಂಡಿರುತ್ತಿತ್ತು. ಬಣ್ಣ ನೋಡಿ, ಆ ಹೊತ್ತು ಯಾರ ಸೀರೆಗೆ ಜಂಪರ್ ಹೊಲಿಯುತ್ತಿದ್ದಾಳೆಂದು ಹೇಳಬಹುದಿತ್ತು. ಮಾತಾಡುವಾಗ ಆ ಬೆರಳನ್ನು ನಮ್ಮ ಮೂಗಿನ ಮುಂದೆ ಆಡಿಸುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಅಕ್ಕಲಕೋಟದವಳು. ಮದುವೆಯಾಗಿ ಸೋಲಾಪುರಕ್ಕೆ ಬಂದು, ಅಕ್ಕಲಕೋಟ ರಸ್ತೆಯ ನಮ್ಮ ಓಣಿಯಲ್ಲಿ ಒಂದು ಖೋಲಿ ಹಿಡಿದು ಅಂಗಡಿ ಹಾಕಿದ್ದಳು. ಇಪ್ಪತ್ತು ವರ್ಷ ನನ್ನ ಜಂಪರ್ ಅವಳೇ ಹೊಲಿದಳು. ಹೇಳಿದ ದಿನಕ್ಕೆ ಒಮ್ಮೆಯೂ ಕೊಡಲಿಲ್ಲ. ಕೇಳಿದರೆ "ಹುಕ್ ಅಷ್ಟ ಉಳದಾವ್ರಿ ಕಾಕು" ಅನ್ನುವಳು. ಒಳಗೆ ನೋಡಿದರೆ ಬಟ್ಟೆಗೆ ಕತ್ತರಿ ಕೂಡ ಮುಟ್ಟಿರುತ್ತಿರಲಿಲ್ಲ.

ಒಂದು ವರ್ಷ ದವಾಖಾನೆಯವರು ನಮ್ಮ ಓಣಿಗೆ ಬಂದರು. ಐವತ್ತು ದಾಟಿದ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಹೇಗೆ ಶುರುವಾಗುತ್ತದೆ ಎಂದು ಸಂಶೋಧನೆಯಂತೆ. ಮೂರು ವರ್ಷ, ಆರು ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಹೊಟ್ಟೆಯ ಸುತ್ತಳತೆ ಕೊಡಬೇಕು. ತಮ್ಮ ಮನಸ್ಸಿನಿಂದ ಬಂದವರೇ ಬೇಕು. ಮಂಡಪ ಹಾಕಿ, ಖುರ್ಚಿ ಇಟ್ಟು, ನರ್ಸ್ ಎಂಟು ದಿನ ಕೂತಳು. ಒಂದು ನಾಯಿ ಬಂದು ನೆರಳಿಗೆ ಮಲಗಿತು, ಹೆಂಗಸೊಬ್ಬಳೂ ಬರಲಿಲ್ಲ. ದೀಪಾವಳಿಯೊಳಗೆ ಮೂವತ್ತು ಮಂದಿ ಸೇರದಿದ್ದರೆ ಬೇರೆ ಕಡೆ ಹೋಗುತ್ತೇವೆ ಎಂದು ಡಾಕ್ಟರ್ ಮೇಡಂ ಹೇಳಿದರು.

ಹೋಗಲಿ ಬಿಡು ಎಂದೆ ನಾನು. ಟೇಲರಬಾಯಿ ಬಿಡಲಿಲ್ಲ. ಅವಳ ಅಕ್ಕ ಹಿಂದೆ ಕಾಲಿನ ಹುಣ್ಣಿಗೆ ಅರಿಶಿನ ಹಚ್ಚುತ್ತ ಕೂತಿದ್ದಳು. ಸಕ್ಕರೆ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಕಾಲು ಹೋಯಿತು, ಆಮೇಲೆ ಅವಳೂ ಹೋದಳು.

"ಅಲ್ರಿ ಮೇಡಂ, ನಡು ಓಣ್ಯಾಗ ನಿಂತು ಯಾವಾಕಿ ಹೊಟ್ಟಿ ಅಳತಿ ಕೊಡತಾಳ್ರಿ? ನನ್ನ ಮುಂದ ಆದರ ಎಲ್ಲಾರೂ ಕೈ ಮ್ಯಾಲ ಮಾಡಿ ನಿಂದರತಾರ" ಎಂದಳು.

ಅಂಗಡಿಯ ನಡುವೆ ಹಳೆ ಸೀರೆಯ ಪರದೆ ಕಟ್ಟಿದಳು. ಮುಂದೆ ಜಂಪರಿನ ಅಳತೆ, ಹಿಂದೆ ನರ್ಸ್. ಯಾರು ಬಂದರೂ ಎದೆ, ತೋಳು ಅಳೆದು, ಟೇಪನ್ನು ಹಾಗೇ ಕೆಳಗಿಳಿಸಿ ಹೊಟ್ಟೆಗೂ ಸುತ್ತಿ, ಪರದೆಯ ಕಡೆ ತಳ್ಳುವಳು. ಗಂಡಂದಿರು ಕೇಳಿದರೆ ಟೇಲರ ಕಡೆ ಹೋಗಿದ್ದೆ ಎಂದರಾಯಿತು, ಸುಳ್ಳೂ ಅಲ್ಲ. ಮಂಗಳವಾರ, ಶುಕ್ರವಾರ ನಮ್ಮವರು ರಕ್ತ ಕೊಡುವುದಿಲ್ಲವೆಂದು ನರ್ಸನ್ನು ಬುಧವಾರ ಬರಹೇಳಿದಳು. ಮೇಡಂ ಖುಷಿಯಾಗಿ ಪರದೆಯ ಫೋಟೋ ತೆಗೆದುಕೊಂಡರು. ರಕ್ತ ಕೊಟ್ಟವರ ಜಂಪರ್ ಮೊದಲು, ಉಳಿದವರದು ಆಮೇಲೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಟೇಲರಬಾಯಿಗೆ ಗಿರಾಕಿಯೂ ಹೆಚ್ಚಿತು. ಇದ್ದದ್ದನ್ನು ಹೇಳಬೇಕು.

ನನ್ನ ಬೆನ್ನು ಎರಡು ತಿಂಗಳು ಹತ್ತಿದಳು. ನಾನು ಒಪ್ಪಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಜಂಪರ್ ಒಯ್ಯಲು ಹೋದೆ.

"ಝಂಪರ ಕೊಡು. ನಾಳಿ ಅಕ್ಕಲಕೋಟದಾಗ ಲಗ್ನ ಅದ."

"ಕೊಡಂಗಿಲ್ರಿ."

"ಯಾಕ, ಹುಕ್ ಉಳದಾವೇನು?"

"ಎಲ್ಲಾ ಆಗ್ಯದ. ಈ ವರ್ಷ ನಿಮ್ಮ ಝಂಪರ ಮೂರು ಸಲ ಒಳಗ ಹಿಡದೀನಿ ಕಾಕು. ಮೊದಲ ತೋಳು, ಆಮ್ಯಾಲ ಬಗಲು, ಈಗ ಬೆನ್ನು. ಹಿಂಗ ಕರಗಾಕ ನೀವೇನ್ ಮೇಣಬತ್ತಿ ಏನ್ರಿ?"

"ವಯಸ್ಸಾಗ್ಯದ, ಒಣಗಾಕತ್ತೀನಿ. ನಿಂದೇನ ಹೋಗ್ತದ?"

"ನಂದ ಗಿರಾಕಿ ಹೋಗ್ತದ. ರಕ್ತಾ ಕೊಡ್ರಿ, ಝಂಪರ ಒಯ್ರಿ."

ಹಲ್ಲು ಕಚ್ಚಿಕೊಂಡು ಪರದೆಯ ಹಿಂದೆ ಹೋದೆ. ಅವತ್ತು ಮೇಡಂ ತಾವೇ ಬಂದಿದ್ದರು. ಮರಾಠಿಯ ಒಪ್ಪಿಗೆ ಕಾಗದ ಓದಿ ಹೇಳಿ, ಕೊನೆಗೆ ಕೇಳಿದರು: ನಿಮ್ಮ ಸ್ವಂತ ಮನಸ್ಸಿನಿಂದ ಬಂದಿದ್ದೀರಲ್ಲ?

"ಸ್ವಂತ ಮನಸ್ಸು ಎಲ್ಲೀದ್ರಿ? ನನ್ನ ಝಂಪರ ಹಿಡಕೊಂಡು ಕುಂತಾಳ. ಕೊಡಸ್ರಿ, ಈಗ ಹೋಗ್ತೀನಿ" ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. ಹೀಗೆ ಎಳೆದು ತಂದವರ ರಕ್ತ ಸಂಶೋಧನೆಗೆ ನಡೆಯುವುದಿಲ್ಲವಂತೆ. ಬೇರೆಯವರನ್ನೂ ಹೀಗೇ ಕರೆತಂದೆಯಾ ಎಂದು ಟೇಲರಬಾಯಿಯನ್ನು ಕೇಳಿದರು. ಅವಳು ಕೊರಳಿನ ಟೇಪು ತೆಗೆದು ಸುತ್ತತೊಡಗಿದಳು. ನನಗೆ ಜಂಪರ್ ಕೊಡಿಸಿ, ನನ್ನ ಹೆಸರು ಹೊಡೆದುಹಾಕಿದರು. ಸೇರಿದ ಮೂವತ್ತನಾಲ್ಕು ಮಂದಿಯನ್ನೂ ಹೊಸದಾಗಿ ಕೇಳಬೇಕು, ಆಗ ಟೇಲರಬಾಯಿ ಒಳಗಿರಬಾರದು, ಮೂವತ್ತಕ್ಕಿಂತ ಕಡಿಮೆ ಉಳಿದರೆ ಇಲ್ಲಿಗೆ ಮುಗಿಯಿತು ಎಂದರು. ಮೂರು ಸಲ ಒಳಗೆ ಹಿಡಿದ ಮಾತು ಅವರ ಕಿವಿಗೆ ಬಿದ್ದಿತ್ತು. ನನ್ನನ್ನು ಬರೀ ರೋಗಿಯಾಗಿ ದವಾಖಾನೆಗೆ ಕಳಿಸಿದರು. ಅಲ್ಲಿಯ ನರ್ಸ್ ನನ್ನ ಸಕ್ಕರೆಯ ಅಂಕಿ ನಂಬದೆ ಎರಡನೇ ಸಲ ನೋಡಿದಳು.

ಮುಂದಿನ ಬುಧವಾರ ಹೆಂಗಸರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋದರು. ಟೇಲರಬಾಯಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನೂ ಹೋಗಿ ಕೂತೆ.

"ಬಾಯಿ ಒಂದ ಮುಚಗೊಂಡಿದ್ದರ ಏನ್ ಹೋಗತಿತ್ರಿ ಕಾಕು?"

"ಕೇಳಿದರ ಹೇಳಬೇಕಲ್ಲ."

"ಹಂಗಾದರ ನಿಮ್ಮನ್ನ ಒಣಗಾಕ ಬಿಡಬೇಕಿತ್ತೇನು?"

"ಸಕ್ಕರಿ ಬಂದದ" ಎಂದೆ. ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತದ" ಎಂದಳು.

ಮೂರು ಮಂದಿ ಬಿಟ್ಟುಹೋದರು. ಮೂವತ್ತೊಂದು ಮಂದಿ ಉಳಿದರು. ಟೇಲರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗಿ ಮಷಿನ್ ತುಳಿಯತೊಡಗಿದಳು.

ಅಂದಿನಿಂದ ಹೊಸಬರಿಗೆ ಕಾಗದದ ಮಾತು ತಿಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮುಚ್ಚಿಡಲು ಬರದ ಹೆಂಗಸು ಎಂದು ಮೇಡಂ ನನ್ನನ್ನೇ ಆರಿಸಿದರು. "ಸೂಜಿ ನೋಯ್ತದ. ಕೈಗೆ ಏನೂ ಸಿಗಂಗಿಲ್ಲ. ಬ್ಯಾಡಾದರ ನಡುವ ಎದ್ದು ಹೋಗ್ರಿ" ಅನ್ನುತ್ತಿದ್ದೆ. ಟೇಲರಬಾಯಿ ಮಷಿನ್ನಿನ ಮೇಲಿಂದಲೇ ಗೊಣಗುವಳು: "ಕಾಕು ಹಿಂಗ ಹೇಳಿದರ ಯಮನೂ ತಿರುಗಿ ಹೋಗ್ತಾನ." ಆದರೂ ಜನ ಬಂದರು.

ಹೋದ ಮಳೆಗಾಲ ಎದೆನೋವೆಂದು ಮಷಿನ್ನಿನಿಂದ ಎದ್ದವಳು ಹೊಸ್ತಿಲು ದಾಟಲಿಲ್ಲ. ಈಗ ಅಲ್ಲಿ ಅವಳ ಸೊಸೆ ಕೂಡುತ್ತಾಳೆ. ಬುಧವಾರ ನರ್ಸ್ ಬರುವುದು ನಿಂತಿಲ್ಲ, ನಾನೂ ಹೋಗುತ್ತೇನೆ. ಮೊನ್ನೆ ಹೊಸದಾಗಿ ಬಂದ ಒಬ್ಬಾಕೆ ಕೇಳಿದಳು: "ಇಷ್ಟೆಲ್ಲ ಹೇಳತೀರಿ, ನಿಮ್ಮ ಹೆಸರ ಯಾಕಿಲ್ರಿ ಅಜ್ಜಿ ಇದರಾಗ?"

"ನಾ ನನ್ನ ಮನಸ್ಸಿಲೆ ಬಂದಾಕಿ ಅಲ್ಲವ್ವ. ಒಬ್ಬಾಕಿ ಜುಲುಮಿಲೆ ಎಳಕೊಂಡು ಬಂದಳು, ಅದಕ್ಕ ಜೀವಂತ ಇದ್ದೀನಿ. ಈಗ ಆಕಿ ಇಲ್ಲ. ನೀ ನಿನ್ನ ಕಾಲಿಲೆ ಬಾ" ಎಂದೆ.