ಅಡಾಪ್ಟರಿಗೂ ಕುಂಕುಮ

ನಾದಿನಿಯ ಸೀಮಂತ ಆಯುಧಪೂಜೆಯ ಹಿಂದಿನ ದಿನ ದೊಡ್ಡಬಳ್ಳಾಪುರದ ನಮ್ಮನೆಯಲ್ಲೇ ಆಯ್ತು. ಅವಳ ಗಂಡ ಗಡಿ ಕಾಯೋ ಕೆಲಸದಲ್ಲಿದ್ದಾರೆ, ರಜ ಸಿಗಲಿಲ್ಲ. "ಅತ್ತಿಗೆ, ನಿಮ್ಮ ಕ್ಯಾಮೆರಾದಲ್ಲೇ ತೆಗೀರಿ. ಅವರು ಇಲ್ಲೇ ಕೂತು ನೋಡ್ದಂಗಿರಬೇಕು" ಅಂದಿದ್ದಳು. ಫೋನು ಹಿಡಿದವರೇನೂ ಕಡಿಮೆ ಇರಲಿಲ್ಲ. ಆದರೆ ಎಲ್ಲರೂ ತಮ್ಮ ತಮ್ಮ ಮುಖವನ್ನೇ ತೆಗೆದುಕೊಂಡರು. ಬಸುರಿ ಹಿಂದೆಲ್ಲೋ ಅರ್ಧ ಕಿವಿ, ಅರ್ಧ ಜಡೆಯಾಗಿ ಉಳಿದಳು.

ನನ್ನದು ಹಳೇ ಕ್ಯಾಮೆರಾ. ಅದರ ಕಾರ್ಡು ಕೆಟ್ಟ ಮೇಲೆ ಹಳೇ ಫೋನಿನ ಉಗುರಿನಷ್ಟು ಕಾರ್ಡನ್ನೇ ಅಡಾಪ್ಟರಿಗೆ ತೂರಿಸಿ ಬಳಸುತ್ತಿದ್ದೆ. ಅಡಾಪ್ಟರೆಂದರೆ ದೊಡ್ಡ ಕಾರ್ಡಿನ ಆಕಾರದ ಪ್ಲಾಸ್ಟಿಕ್ ಕವಚ, ಅಷ್ಟೇ. ಮಗ್ಗದ ಮನೆಗೆ ಸೊಸೆಯಾಗಿ ಬಂದ ನನಗೆ ಅದು ಲಾಳಿಯ ಹಾಗೆ ಕಾಣುತ್ತೆ. ಅತ್ತಿಂದಿತ್ತ ಓಡೋದು ಲಾಳಿ, ನೂಲು ಇರೋದು ಅದರೊಳಗಿನ ಕಂಡಿಕೆಯಲ್ಲಿ.

ನೆಂಟರನ್ನು ಕಳಿಸಿ ಪಾತ್ರೆ ಎತ್ತಿಡೋದರಲ್ಲೇ ಅವತ್ತು ಮುಗಿಯಿತು. ಬೆಳಿಗ್ಗೆ ಕಾಪಿ ಮಾಡೋಣವೆಂದು ಕಾರ್ಡಿನ ಸಮೇತ ಅಡಾಪ್ಟರನ್ನು ಕಂಪ್ಯೂಟರಿನ ಪಕ್ಕ ಇಟ್ಟೆ. ಬೆಳಗಾದರೆ ಆಯುಧಪೂಜೆ. ಅತ್ತೆ ಸ್ನಾನ ಮಾಡಿ, ಗಂಧ ಕುಂಕುಮದ ತಟ್ಟೆ ಹಿಡಿದು ಹೊರಟರು. ಮಗ್ಗಗಳು, ಸ್ಕೂಟರು, ಮಿಕ್ಸಿ, ಕತ್ತರಿ, ಕಂಪ್ಯೂಟರು, ಯಾವುದನ್ನೂ ಬಿಡಲಿಲ್ಲ. ಪೂಜೆಗೆ ಇಟ್ಟದ್ದನ್ನು ಮಾರನೇ ದಿನ ಕದಲಿಸೋವರೆಗೂ ಮುಟ್ಟೋ ಹಾಗಿಲ್ಲ. ನಾದಿನಿ ಮಾತ್ರ ಕಂಪ್ಯೂಟರಿನ ಮುಂದೆ ನಾಲ್ಕು ಸಲ ಸುಳಿದಳು.

"ಅಮ್ಮಾ, ಫೋಟೋ ನೋಡೋದಕ್ಕೂ ಶಾಸ್ತ್ರನಾ?"

"ಒಂದಿನ ತಡ್ಕೊಳೇ. ನಿನ್ನ ಗಂಡ ಎಲ್ಲೂ ಓಡಿಹೋಗಲ್ಲ."

ವಿಜಯದಶಮಿ ಬೆಳಿಗ್ಗೆ ಪೂಜೆ ಕದಲಿಸಿ ಅಡಾಪ್ಟರನ್ನು ಕಂಪ್ಯೂಟರಿಗೆ ಹಾಕಿದೆ. ಏನೂ ಬರಲಿಲ್ಲ. ತೆಗೆದು ತಿರುಗಿಸಿ ನೋಡಿದರೆ, ಸಾಲಾಗಿ ಚಿನ್ನದ ಪಟ್ಟಿಗಳಿರುವ ಕಡೆಯೇ ಗಂಧ, ಅದರ ಮೇಲೆ ದುಂಡಗೆ ಕುಂಕುಮ, ಒಣಗಿ ಕಚ್ಚಿಕೊಂಡಿದೆ.

"ಬಂಗಾರದ ಬಣ್ಣ ಇತ್ತಲ್ಲಮ್ಮ, ಅದೇ ಮುಖ ಅಂದ್ಕೊಂಡೆ" ಅಂದರು ಅತ್ತೆ. ದನಿ ಇಳಿದುಹೋಗಿತ್ತು.

ಒಣ ಬಟ್ಟೆಯಲ್ಲಿ ಒರೆಸಿದೆ, ಹತ್ತಿಯಲ್ಲಿ ಉಜ್ಜಿದೆ. ಪಟ್ಟಿಯ ಸಂದಿಗೆ ಇಳಿದದ್ದು ಬರಲೇ ಇಲ್ಲ. ನಾದಿನಿಯ ಕಣ್ಣು ತುಂಬಿತು. "ಹೋಯ್ತಾ ಅತ್ತಿಗೆ, ಎಲ್ಲಾ?"

"ತಾಳಮ್ಮ" ಅಂದು ಉಗುರು ಕೊಟ್ಟು ಒಳಗಿನ ಪುಟ್ಟ ಕಾರ್ಡನ್ನು ಎಳೆದೆ. ಅದಕ್ಕೆ ಒಂದು ಚುಕ್ಕೆ ಕೂಡ ತಾಗಿರಲಿಲ್ಲ. ಈಗ ಮನೆಯಲ್ಲಿರುವ ಯಾರ ಫೋನಿನಲ್ಲೂ ಕಾರ್ಡು ಹಾಕುವ ಜಾಗವೇ ಇಲ್ಲ. ಇನ್ನೊಂದು ಅಡಾಪ್ಟರೇ ಬೇಕು. ಅಂಗಡಿಗಳು ಹಬ್ಬಕ್ಕೆ ಬಾಗಿಲು ಹಾಕಿದ್ದವು. ಆಗ ಹೊಲಿಗೆ ಡಬ್ಬಿ ನೆನಪಾಯ್ತು. ಕಾರ್ಡಿನ ಜೊತೆ ಬಂದದ್ದನ್ನೆಲ್ಲ ಅದರೊಳಗೆ ಹಾಕೋದು ನನ್ನ ಅಭ್ಯಾಸ, ಮನೆಯವರು ಯಾವಾಗಲೂ ಆಡಿಕೊಳ್ಳುತ್ತಾರೆ. ಗುಂಡಿ, ಹುಕ್ಕುಗಳ ಕೆಳಗೆ ಇನ್ನೊಂದು ಅಡಾಪ್ಟರು ಸಿಕ್ಕಿತು.

ತೂರಿಸಿದೆ. ಫೋಟೋಗಳು ಒಂದೊಂದಾಗಿ ತೆರೆದುಕೊಂಡವು. ಹಸಿರು ಸೀರೆ, ಕೈತುಂಬ ಬಳೆ, ಆರತಿಯ ತಟ್ಟೆ. ನಾದಿನಿ ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ಬಾಯಿ ತುಂಬಾ ಚಿರೋಟಿ ಇರೋದು ಬೇಡ ಅತ್ತಿಗೆ!"

"ಅದನ್ನೇ ಮೊದಲು ಕಳಿಸು" ಅಂದರು ಅತ್ತೆ. "ಮಗಳನ್ನ ಚೆನ್ನಾಗಿ ನೋಡ್ಕೊಂಡವ್ರೆ ಅಂತ ಗೊತ್ತಾಗ್ಲಿ."

ಅದನ್ನೇ ಕಳಿಸಿದಳು. ನಾನು ಚಟ್ನಿ ರುಬ್ಬುವಾಗ ಅಳಿಯಂದಿರ ಫೋನು ಬಂತು. ನಾದಿನಿ ಕಂಪ್ಯೂಟರಿನ ಮುಂದೆ ಫೋನು ಹಿಡಿದು, ಯಾರು ಎಲ್ಲಿ ಕೂತಿದ್ದರು, ಯಾರು ಏನು ಹಾಡಿದರು ಅಂತ ಮೊದಲಿಂದ ಹೇಳತೊಡಗಿದಳು. ಮಿಕ್ಸಿಯ ಸದ್ದಿಗೆ ಅವರಿಗೆ ಕೇಳಿಸುತ್ತಿಲ್ಲವಂತೆ. ಆರಿಸಿದೆ. ತಿಂಡಿ ಅವತ್ತು ಹತ್ತು ಗಂಟೆಯ ಮೇಲಾಯ್ತು, ಯಾಕೆ ತಡ ಅಂತ ಯಾರೂ ಕೇಳಲಿಲ್ಲ.