ಕಣ್ಣು ತೆರೆಸುವ ಸೋಮವಾರ

1946ರಲ್ಲಿ ನಾನು ಒಂದು ಸಣ್ಣ ಪುರಸಭೆಯಲ್ಲಿ ಓವರ್‌ಸಿಯರ್ ಆಗಿದ್ದೆ. ಓವರ್‌ಸಿಯರ್ ಎಂದರೆ ರಸ್ತೆ, ಚರಂಡಿ, ಬಾವಿಕಟ್ಟೆ, ದೀಪದ ಕಂಬ ಎಲ್ಲವನ್ನೂ ನೋಡಿಕೊಂಡು, ಯಾವುದು ಕೆಟ್ಟರೂ ಮೊದಲು ಬೈಸಿಕೊಳ್ಳುವ ನೌಕರ. ಊರಿನ ಹೆಸರು ಬರೆಯುವುದಿಲ್ಲ. ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆ ಹೋಗುವ ರಸ್ತೆಯಲ್ಲಿ, ಮನೆಮನೆಯಲ್ಲೂ ಮಗ್ಗವಿದ್ದ ಊರು ಎಂದು ತಿಳಿದರೆ ಸಾಕು. ಆ ಊರಿನ ಕೆಲವರು ಈಗ ನನಗೆ ಬೀಗರಾಗಿದ್ದಾರೆ. ಹೆಸರು ಬರೆದರೆ ಹಬ್ಬದ ಊಟ ತಪ್ಪುತ್ತದೆ.

ಯುದ್ಧ ಮುಗಿದು ರಸ್ತೆಯಲ್ಲಿ ಮತ್ತೆ ವ್ಯಾಪಾರದ ಲಾರಿಗಳು ಓಡಾಡತೊಡಗಿದ್ದವು. ಸೀರೆ ಕೊಳ್ಳಲು ಬಂದ ಪರವೂರಿನ ವರ್ತಕರು ನಮ್ಮ ಊರು ಯಾವುದೆಂದು ತಿಳಿಯದೆ ನೇರ ಹಿಂದೂಪುರಕ್ಕೆ ಹೋಗಿಬಿಡುತ್ತಾರೆ ಎಂಬುದು ಪುರಸಭೆಯ ಅಧ್ಯಕ್ಷರಾಗಿದ್ದ ಸಾಹುಕಾರ್ ಮಲ್ಲಪ್ಪನವರ ಕೊರಗು. ಅವರೇ ದೊಡ್ಡ ಜವಳಿ ವರ್ತಕರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆ ಸಿಗದೆ ಒದ್ದಾಡುತ್ತಿದ್ದಾಗ ತಮ್ಮ ಹಿತ್ತಿಲ ಕೋಣೆ ಬಿಟ್ಟುಕೊಟ್ಟವರು. ಅವರ ಮನೆಯ ಮುದ್ದೆ ತಿಂದವನು ನಾನು. ತಂದೆಯ ಮಾತಿಗಾದರೂ ಎದುರಾಡಿಯೇನು, ಅವರ ಮಾತಿಗೆ ಆಡುತ್ತಿರಲಿಲ್ಲ.

ಊರಿಗೆ ಬಾಗಿಲು ಎರಡು, ಬೆಂಗಳೂರಿನ ಕಡೆಯದೊಂದು, ಹಿಂದೂಪುರದ ಕಡೆಯದೊಂದು. ಎರಡೂ ಕಡೆ ಕಣ್ಣಿಗೆ ಬೀಳುವಂಥದ್ದೇನಾದರೂ ನಿಲ್ಲಿಸಬೇಕೆಂದು ಸಭೆ ತೀರ್ಮಾನಿಸಿತು. ಏನು ನಿಲ್ಲಿಸಬೇಕೆಂದು ಕೇಳಿದರೆ ತಲೆಗೊಂದು ಮಾತು. ಕೊನೆಗೆ ಮೂರು ಮಾದರಿಗಳು ಬಂದವು. ಒಂದು ಗಾರೆಯ ಕಮಾನು. ಇನ್ನೊಂದು ಜೋಡಿ ಸಿಂಹ. ಮೂರನೆಯದನ್ನು ಕುಂದಾಣದ ಹತ್ತಿರದ ಹಳ್ಳಿಯ ಶಿಲ್ಪಿ ವೀರಾಚಾರ್ಯರು ಜೇಡಿಮಣ್ಣಿನಲ್ಲಿ ಮಾಡಿ ತಂದಿದ್ದರು: ರಾಟೆಯ ಮುಂದೆ ಕಾಲು ಮಡಿಸಿ ಕೂತು ಕಂಡಿಕೆ ಸುತ್ತುತ್ತಿರುವ ಒಬ್ಬ ಹೆಂಗಸು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆ. ಗಂಡಸು ಮಗ್ಗದಲ್ಲಿ ಕೂತರೆ ಮನೆಯ ಹೆಂಗಸರು ದಿನವಿಡೀ ಸುತ್ತುವುದು ಅದನ್ನೇ.

ಆಯ್ಕೆಗೆ ನಾನೊಂದು ಉಪಾಯ ಹೇಳಿದೆ. ಮೂರು ಮಾದರಿಗಳನ್ನು ಛತ್ರದಲ್ಲಿಟ್ಟು, ಒಂದೊಂದರ ಮುಂದೆ ಒಂದೊಂದು ಬುಟ್ಟಿ ಇಡುವುದು. ಮನೆಗೊಂದರಂತೆ ಖಾಲಿ ಕಂಡಿಕೆ ತಂದು ತಮಗೆ ಬೇಕಾದ ಬುಟ್ಟಿಗೆ ಹಾಕುವುದು. ಮೊದಲು ಬಂದವಳು ನೇಕಾರರ ಬೀದಿಯ ಗೌರಮ್ಮ ಎಂಬ ಮುದುಕಿ. ಕಮಾನು ನೋಡಿದಳು, ಸಿಂಹ ನೋಡಿದಳು, ರಾಟೆಯ ಹೆಂಗಸಿನ ಮುಂದೆ ನಿಂತು ನಕ್ಕಳು.

"ಅಯ್ಯೋ, ನನ್ನಂಗೇ ಬೆನ್ನು ಬಾಗ್ಸಿ ಕೂತವ್ಳಲ್ಲಪ್ಪ!" ಎಂದು ಕಂಡಿಕೆ ಹಾಕಿದಳು.

ಸಂಜೆಗೆ ಆಚಾರ್ಯರ ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತ್ತು. ಸಿಂಹದ ಬುಟ್ಟಿಯಲ್ಲಿ ತಳ ಕಾಣುತ್ತಿತ್ತು. ನನಗೆ ಊರಿನ ಮೇಲೆ ಅಷ್ಟು ಅಭಿಮಾನ ಉಕ್ಕಿದ್ದು ಅದೇ ಮೊದಲು, ಅದೇ ಕೊನೆ.

ಆಮೇಲೆ ಒಂದು ತಿಂಗಳು ಇನ್ನೊಂದು ಜಗಳ. ಹೆಂಗಸಿನ ಮುಖ ಎತ್ತ? ಹೊರಕ್ಕೆ ತಿರುಗಿಸಿದರೆ ಊರಿಗೆ ಬೆನ್ನು, ಒಳಕ್ಕೆ ತಿರುಗಿಸಿದರೆ ಬಂದವರಿಗೆ ಬೆನ್ನು. ಆಚಾರ್ಯರು ಕೇಳಿ ಕೇಳಿ ಸಾಕಾಗಿ, "ರಸ್ತೆ ಪಕ್ಕದಾಗೆ ರಸ್ತೆ ಕಡೀಕೆ ಕೂರ್ಸಿ. ಬರೋರ್ನೂ ನೋಡ್ತಾಳೆ, ಹೋಗೋರ್ನೂ ನೋಡ್ತಾಳೆ" ಎಂದರು. ಒಂದು ತಿಂಗಳಿಂದ ಯಾರಿಗೂ ಹೊಳೆಯದ ಮಾತು ಅದು.

ಆದರೆ ಅವರದೂ ಒಂದು ಷರತ್ತಿತ್ತು. ಶಿಲ್ಪದ ಕೆಲಸದಲ್ಲಿ ಕಣ್ಣು ತೆರೆಸುವುದು ಎಂದು ಒಂದು ಕಟ್ಟಳೆ ಇದೆ. ಮೈಯೆಲ್ಲ ಕೆತ್ತಿ ಮುಗಿದರೂ ಕಣ್ಣಿನ ಜಾಗದಲ್ಲಿ ಕಲ್ಲನ್ನು ಉಬ್ಬಾಗಿಯೇ ಬಿಟ್ಟಿರುತ್ತಾರೆ. ವಿಗ್ರಹವನ್ನು ಅದರ ಜಾಗದಲ್ಲಿ ಕೂರಿಸಿದ ಮೇಲೆ, ಗೊತ್ತಾದ ಮುಹೂರ್ತದಲ್ಲಿ, ಕೆತ್ತಿದ ಶಿಲ್ಪಿಯೇ ಸಣ್ಣ ಉಳಿಯಿಂದ ಆ ಉಬ್ಬು ತೆಗೆದು ಕಣ್ಣು ಬಿಡಿಸಬೇಕು. ಆ ಹೊತ್ತಿನಲ್ಲಿ ಕೆಲಸ ಮಾಡಿಸಿದ ಯಜಮಾನ ಶಿಲ್ಪಿಯನ್ನು ಮಣೆಯ ಮೇಲೆ ಕೂರಿಸಿ, ಹೊಸ ಬಟ್ಟೆ ಹೊದಿಸಿ, ಬಗ್ಗಿ ನಮಸ್ಕಾರ ಮಾಡಬೇಕು.

ಸಾಹುಕಾರರು, "ಇದು ದೇವ್ರಲ್ಲವಲ್ಲ ಆಚಾರ್ರೇ, ಊರಿನ ಗುರುತು" ಎಂದರು.

"ದೇವ್ರಾಗ್ಲಿ, ಆನೆಯಾಗ್ಲಿ, ಕಣ್ಣಿರೋದಕ್ಕೆಲ್ಲ ಒಂದೇ ಕಟ್ಳೆ ಸಾವ್ಕಾರ್ರೇ. ನನಗೆ ವಯಸ್ಸಾಯ್ತು, ಕಣ್ಣು ಮಂಜಾಗ್ತಾ ಐತೆ. ಈ ಎರಡು ಬಾಗ್ಲಿನ ಕಲ್ಲು ಬಿಟ್ರೆ ಇಷ್ಟು ದೊಡ್ಡ ಕೆಲ್ಸ ಇನ್ನ ಮಾಡಾಕಾಗಾಕಿಲ್ಲ. ಇವುಗಳ ಕಣ್ಣು ನಾನೇ ತೆರೆಸ್ಬೇಕು."

"ಆಗ್ಲಿ ಬಿಡಿ. ಒಂದ್ಸಲ ಬಗ್ಗಿದ್ರೆ ಸೊಂಟ ಮುರಿತದಾ?" ಎಂದು ಸಾಹುಕಾರರು ನಕ್ಕರು. ನಾನೂ ನಕ್ಕೆ. ಆಚಾರ್ಯರು ನನ್ನ ಕಡೆ ತಿರುಗಿ, "ನೀವು ಸಾಕ್ಷಿ ಸ್ವಾಮಿ" ಎಂದರು. ಆಗಲಿ ಎಂದೆ.

ಕೊಯಿರ ಎಂಬ ಹಳ್ಳಿಯ ಬಂಡೆಯಿಂದ ಕಲ್ಲು ತೆಗೆಸಿ ಆಚಾರ್ಯರು ಐದು ತಿಂಗಳು ಕೆತ್ತಿದರು. ಹದಿನೈದು ದಿನಕ್ಕೊಮ್ಮೆ ನಾನು ಸೈಕಲ್ಲಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅಳತೆ ನೋಡುವುದು ನೆಪ. ಬೆರಳ ಸಂದಿಯಿಂದ ನೂಲು ಜಾರುತ್ತಿರುವುದನ್ನು ಕಲ್ಲಿನಲ್ಲಿ ಕಂಡವನು ಮತ್ತೆ ನೋಡದೆ ಇರಲಾರ. ಬೇಸಿಗೆಯ ಹೊತ್ತಿಗೆ ಈ ಮೊದಲ ಕಲ್ಲನ್ನು ಬೆಂಗಳೂರಿನ ಕಡೆಯ ಬಾಗಿಲಲ್ಲಿ ಕೂರಿಸಿ ಬಟ್ಟೆ ಮುಚ್ಚಿದೆವು. ಕಣ್ಣಿನ ಉಬ್ಬು ಹಾಗೆಯೇ ಇತ್ತು. ಬರುವ ಸೋಮವಾರ ಮುಹೂರ್ತವೆಂದೂ, ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುತ್ತಾರೆಂದೂ ಗೊತ್ತಾಯಿತು.

ಅದರ ಹಿಂದಿನ ಗುರುವಾರ ಸಾಹುಕಾರರು ನನ್ನನ್ನು ಕರೆದರು. "ಏನಪ್ಪಾ, ಸಾಹೇಬ್ರಿಗೆ ಪುರುಸೊತ್ತಿಲ್ವಂತೆ. ಒಂದು ವಾರ ಮುಂದಕ್ಕೆ ಹಾಕಿದೀವಿ. ಆಚಾರ್ರಿಗೆ ಒಂದು ಕಾಗದ ಬರ್ದು ಕಳಿಸ್ಬಿಡು."

ಬರೆದು ಅವರ ರುಜುವಿಗೆ ಮುಂದಿಟ್ಟೆ. ಅವರು ಕಾಗದವನ್ನು ನನ್ನ ಕಡೆಗೇ ತಳ್ಳಿದರು. "ಆಚಾರ್ರು ನಂಬೋದು ನಿನ್ನನ್ನ. ನೀನೇ ಹಾಕು."

ಹಿಗ್ಗಿನಿಂದಲೇ ಹಾಕಿದೆ. ಅಷ್ಟು ದೊಡ್ಡ ಮನುಷ್ಯ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟರಲ್ಲ ಎಂಬ ಹಿಗ್ಗು. ಭಾನುವಾರ ನನ್ನನ್ನು ನೆಲಮಂಗಲಕ್ಕೆ ಕಳಿಸಿದರು. ಅಲ್ಲೊಂದು ರಸ್ತೆ ರೋಲರ್ ಎರವಲು ಸಿಗುತ್ತದಂತೆ, ನೋಡಿಕೊಂಡು ಬಾ ಎಂದು. ಎರಡು ದಿನ ಹುಡುಕಿದೆ. ಅಲ್ಲಿ ಅಂಥ ರೋಲರೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಹಿಂತಿರುಗಿದೆ. ಊರಬಾಗಿಲಲ್ಲಿ ಬಾಡಿದ ಮಾವಿನ ತೋರಣ ಕಂಡಿತು. ಬಸ್ಸು ನಿಲ್ಲಿಸಿ ಇಳಿದೆ. ಕಲ್ಲಿನ ಮೇಲೆ ಬಟ್ಟೆ ಇರಲಿಲ್ಲ, ಕೊರಳಲ್ಲಿ ಹಾರವಿತ್ತು. ಕೆತ್ತದೆ ಉಳಿದಿದ್ದ ಎರಡು ಉಬ್ಬುಗಳ ಮೇಲೆ ಯಾರೋ ಬೋರ್ಡು ಬರೆಯುವವನು ಬಿಳಿ ಬಣ್ಣ ಬಳಿದಿದ್ದ, ನಡುವೆ ಒಂದೊಂದು ಕಪ್ಪು ಬೊಟ್ಟು ಇತ್ತು. ಕಣ್ಣುಬೇನೆ ಬಂದು ರೆಪ್ಪೆ ಊದಿಕೊಂಡವಳ ಹಾಗೆ ಕಾಣುತ್ತಿದ್ದಳು. ಸಮಾರಂಭ ಹಿಂದಿನ ದಿನವೇ ಮುಗಿದಿತ್ತು. ಕಪ್ಪು ಬೊಟ್ಟನ್ನು ಬೆಂಗಳೂರಿನ ಅಧಿಕಾರಿಗಳ ಕೈಯಿಂದಲೇ ಇಡಿಸಿದರಂತೆ. ಚಪ್ಪಾಳೆ ಜೋರಾಗಿತ್ತಂತೆ.

ನೇರವಾಗಿ ಸಾಹುಕಾರರ ಅಂಗಡಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಅವರ ಮುಂದೆ ದನಿ ಎತ್ತಿದೆ. ಅವರಿಗೆ ಕೋಪ ಬರಲಿಲ್ಲ.

"ಸಾಹೇಬ್ರ ಎದುರಿಗೆ ನಾನು ಕಲ್ಲು ಕುಟ್ಟೋನಿಗೆ ಬಗ್ಗಿ ಕೈ ಮುಗೀಬೇಕಿತ್ತಾ?"

"ನೀವೇ ಒಪ್ಕೊಂಡಿದ್ರಿ."

"ಒಪ್ಕೊಂಡಿದ್ದೆ. ಕಲ್ಲು ಬೇಕಿತ್ತಲ್ಲಪ್ಪ" ಎಂದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಮಾತನ್ನು ಅಷ್ಟು ಸಮಾಧಾನವಾಗಿ ಆಡುವವರನ್ನು ನಾನು ನೋಡಿದ್ದು ಆವತ್ತು. ನನ್ನನ್ನು ನಂಬಿಸಿ ಕತ್ತು ಕೊಯ್ದಿದ್ದರು. ನನ್ನ ಕತ್ತಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನನ್ನ ಕೈಯಿಂದಲೇ ಇನ್ನೊಬ್ಬರ ಕತ್ತು ಕೊಯ್ಯಿಸಿದ್ದರು.

ನನ್ನ ಮುಖ ನೋಡಿ ಅವರಿಗೂ ಏನನ್ನಿಸಿತೋ, "ಸಾಹೇಬ್ರು ಹೋದ್ರಲ್ಲ, ಮುಂದಿನ ಸೋಮವಾರ ಆಚಾರ್ರು ಬಂದಾಗ ಕೆತ್ಕೊಳ್ಲಿ ಬಿಡು. ಬಣ್ಣ ಉಜ್ಜಿದ್ರೆ ಹೋಗ್ತದೆ" ಎಂದರು. ಆ ಎಳೆಯನ್ನೇ ಹಿಡಿದುಕೊಂಡೆ. ಈಗಲೇ ಹೋಗಿ ಆಚಾರ್ಯರಿಗೆ ನೋವು ಕೊಡುವುದೇಕೆ, ಹೇಗೂ ಬರುತ್ತಾರಲ್ಲ, ಕೆತ್ತಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡು ಸುಮ್ಮನಿದ್ದೆ. ಸೈಕಲ್ಲು ಮನೆಯ ಜಗಲಿಯಲ್ಲೇ ಇತ್ತು.

ಆದರೆ ಆ ವಾರ ಊರಿನಲ್ಲಿ ಕಣ್ಣುಬೇನೆ ಎದ್ದಿತು. ಬೇಸಿಗೆಯಲ್ಲಿ ಪ್ರತಿವರ್ಷ ಬರುವುದೇ. ಈ ಸಲ ಜನರ ಕಣ್ಣಿಗೆ ಬೇರೆಯೇ ಅರ್ಥ ಕಂಡಿತು. ಊರಬಾಗಿಲಲ್ಲಿ ಒಬ್ಬಳು ಊದಿದ ಕಣ್ಣಿನ ಅಮ್ಮ ಕೂತಿದ್ದಾಳೆ, ಅವಳು ಬಂದ ಮೇಲೆ ಬೇನೆ ಬಂದಿದೆ. ಬುಧವಾರ ಯಾರೋ ಅವಳ ಕಣ್ಣಿಗೆ ಬೆಣ್ಣೆ ಸವರಿದರು. ಗುರುವಾರ ಬೇವಿನ ಸೊಪ್ಪು ಬಂತು. ಶುಕ್ರವಾರ ಅರಿಶಿನ, ಕುಂಕುಮ, ಮಡಿಲಕ್ಕಿ. ಶನಿವಾರದ ಹೊತ್ತಿಗೆ ಅವಳ ಹೆಸರು ಕಣ್ಣಮ್ಮ. ರಾಟೆ ಕುಂಕುಮದಲ್ಲಿ ಮುಚ್ಚಿಹೋಗಿತ್ತು.

ಸೋಮವಾರ ಆಚಾರ್ಯರು ಹೆಂಡತಿಯನ್ನು ಕೂರಿಸಿಕೊಂಡು ಎತ್ತಿನ ಗಾಡಿಯಲ್ಲಿ ಬಂದರು. ಒಗೆದ ಪಂಚೆ, ಹಣೆಗೆ ಗಂಧ, ಮಡಿಬಟ್ಟೆಯಲ್ಲಿ ಸುತ್ತಿದ ಸಣ್ಣ ಉಳಿ. ಮುಹೂರ್ತಕ್ಕಾಗಿ ಉಪವಾಸವಿದ್ದರು. ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನಾನು ಏನೋ ತೊದಲಿದೆ. ಅವರು ಒಂದು ಬಟ್ಟೆ ಒದ್ದೆ ಮಾಡಿ ಬಣ್ಣ ಒರೆಸಲು ಕೈ ಎತ್ತಿದರು. ಅಷ್ಟರಲ್ಲಿ ಜನ ಸೇರಿದರು. ಕಂಡಿಕೆ ಹಾಕಿ ಅವರನ್ನು ಆರಿಸಿದ್ದ ಜನವೇ. ಮುಂದೆ ಬಂದು ಅಡ್ಡ ನಿಂತವಳು ಗೌರಮ್ಮ. ಅವಳ ಮೊಮ್ಮಗಳ ಕಣ್ಣು ಕೆಂಪಾಗಿ ಅಂಟಿಕೊಂಡಿತ್ತು.

"ಅಮ್ಮನ ಕಣ್ಣಿಗೆ ಉಳಿ ಇಕ್ತೀಯಾ? ಊರಿನ್ ಕಣ್ಣೆಲ್ಲ ಹೋಗ್ಬೇಕಾ?"

"ಅದು ಅಮ್ಮ ಅಲ್ಲ ಕಣವ್ವ" ಎಂದರು ಆಚಾರ್ಯರು. "ಅದು ನೀನು. ರಾಟೆ ಮುಂದೆ ಕೂತವ್ಳೆ ನೋಡು."

"ಬಿಡ್ತು ಅನ್ನಪ್ಪ!" ಎಂದು ಮುದುಕಿ ಕೆನ್ನೆ ಬಡಿದುಕೊಂಡಳು.

ಪೂಜೆಗೊಂಡ ಕಲ್ಲಿಗೆ ಉಳಿ ಇಡಬಾರದು ಎಂಬುದು ಆಚಾರ್ಯರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅದೂ ಅವರದೇ ಕಟ್ಟಳೆ. ಎತ್ತಿದ ಕೈ ಇಳಿಸಿದರು. ಸಾಹುಕಾರರು ಅಂಗಡಿಯಿಂದ ಹೊರಗೆ ಬರಲೇ ಇಲ್ಲ.

ಗಾಡಿ ಹತ್ತುವ ಮುಂಚೆ ಆಚಾರ್ಯರು ಸೊಂಟದಿಂದ ನನ್ನ ಕಾಗದ ತೆಗೆದರು.

"ಈ ರುಜು ನಿಮ್ದೇನಾ ಸ್ವಾಮಿ?"

"ನಂದೇ. ಆದ್ರೆ ದೇವರಾಣೆ, ಬರೆಯೋವಾಗ ನಂಗೂ ಗೊತ್ತಿರ್ಲಿಲ್ಲ ಆಚಾರ್ರೇ. ನನಗೂ ಮೋಸ ಮಾಡಿದ್ರು."

"ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಸೋಮವಾರ" ಎಂದರು. ಕಾಗದವನ್ನು ನನ್ನ ಕೈಯಲ್ಲಿಟ್ಟು ಗಾಡಿ ಹತ್ತಿದರು.

ಮಂಗಳವಾರವೇ ಹೋಗಿ ಹೇಳಿದ್ದರೆ ಅವರು ಆ ದಿನವೇ ಓಡಿ ಬರುತ್ತಿದ್ದರು. ಆಗಿನ್ನೂ ಬೆಣ್ಣೆ ಸವರಿರಲಿಲ್ಲ, ಅದು ಬರಿಯ ಕಲ್ಲಾಗಿತ್ತು. ಹಿಂದೂಪುರದ ಕಡೆಯ ಬಾಗಿಲಿಗೆ ಅವರು ಕೆತ್ತಬೇಕಾಗಿದ್ದ ಎರಡನೆಯ ಕಲ್ಲು ಬರಲೇ ಇಲ್ಲ. ಮುಂದೆ ಅವರು ಮಾಡಿದ ಸಣ್ಣಪುಟ್ಟ ವಿಗ್ರಹಗಳಿಗೆಲ್ಲ ತಮ್ಮ ಕೊಟ್ಟಿಗೆಯಲ್ಲೇ ಕಣ್ಣು ತೆರೆಸಿ ಕಳಿಸುತ್ತಿದ್ದರೆಂದು, ಕೂರಿಸುವವರೆಗೆ ಕಾಯುವ ಕಟ್ಟಳೆಯನ್ನು ಬಿಟ್ಟೇಬಿಟ್ಟರೆಂದು ಕೇಳಿದೆ.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ದೀರ್ಘಕಾಲ ನೌಕರಿ ಮಾಡಿದೆ. ಇನ್ನೊಬ್ಬರು ಹೇಳಿದ ದಿನಕ್ಕೆ ನನ್ನ ರುಜು ಹಾಕಬಾರದೆಂದು ಕಲಿತೆ. ಅದು ಸುಲಭದ ಪಾಠ, ಯಾವ ಗುಮಾಸ್ತನಾದರೂ ಹೇಳಿಕೊಡುತ್ತಾನೆ. ಕಷ್ಟದ ಪಾಠ ಇನ್ನೊಂದು. ಮೋಸ ಹೋದೆ ಎಂದು ನಾನು ಸಾಹುಕಾರರ ಮೇಲೆ ಹಲ್ಲು ಕಡಿಯುತ್ತ ಕೂತದ್ದು ಮಂಗಳವಾರ ಒಂದು ದಿನ. ಮಿಕ್ಕ ಐದು ದಿನ ಮೋಸ ಮಾಡಿದವನು ನಾನೇ.