ನೀನು ಫೋಟೋ ತೆಗಿ

ನನ್ನ ಅತ್ತೆ ಯಾವತ್ತೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಯಾರಾದರೂ ಅವರನ್ನು ಧಾರಾವಾಹಿಯ ಅತ್ತೆ ಅಂದುಕೊಂಡಾರು. ಹಿರಿಯೂರಿನ ಹತ್ತಿರದ ಆದಿವಾಲದಲ್ಲಿರುವ ಅವರ ಮನೆಗೆ ಹೋದರೆ ‘ಬಾರವ್ವ’ ಎನ್ನುತ್ತಾರೆ, ಊಟ ಆಯಿತಾ ಎಂದು ಕೇಳುತ್ತಾರೆ, ಹೊರಡುವಾಗ ಹೂವು ಕೊಡುತ್ತಾರೆ. ಕೊಡುತ್ತಾರೆ ಅಂದರೆ, ಕಟ್ಟೆಯ ಮೇಲೆ ಇಡುತ್ತಾರೆ. ಇಟ್ಟು ಹಿಂದೆ ಸರಿಯುತ್ತಾರೆ. ಆಮೇಲೆ ನಾನು ತೆಗೆದುಕೊಳ್ಳುತ್ತೇನೆ. ನೀರಿನ ಲೋಟ, ಕುಂಕುಮದ ಬಟ್ಟಲು, ಎಲ್ಲವೂ ಹೀಗೆಯೇ. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬೆರಳು ನನ್ನ ಬೆರಳಿಗೆ ತಾಗಿಲ್ಲ.

ನಮ್ಮದು ಪ್ರೀತಿಸಿ ಆದ ಮದುವೆ. ನನ್ನ ತವರು ಹೊಳಲ್ಕೆರೆ. ಊರಿನ ಯಾವ ಕೇರಿ, ಯಾವ ಜಾತಿ ಎಂದು ಬರೆಯುವುದಿಲ್ಲ. ಹೂವು ಇಟ್ಟು ಹಿಂದೆ ಸರಿಯುತ್ತಾರೆ ಎಂದ ಮೇಲೆ ಓದುವವರಿಗೆ ಅದು ಗೊತ್ತಾಗಿರುತ್ತದೆ. ಗಂಡ ಹಿರಿಯೂರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಾನೆ. ಪಕ್ಕದ ಮಳಿಗೆಯಲ್ಲಿ ನನ್ನ ಹೊಲಿಗೆ ಅಂಗಡಿ. ಅತ್ತೆಯ ರವಿಕೆಗಳನ್ನೆಲ್ಲ ನಾನೇ ಹೊಲಿಯುವುದು. ಅದಕ್ಕೇನೂ ಮೈಲಿಗೆಯಿಲ್ಲ. ಆದರೆ ಅಳತೆಗೆ ಅವರು ಬರುವುದಿಲ್ಲ, ಹಳೆಯ ರವಿಕೆ ಬರುತ್ತದೆ. ಅವರ ತೋಳು ದಪ್ಪಗಾಗಿದ್ದು, ಬೆನ್ನು ಬಾಗಿದ್ದು ನನಗೆ ತಿಳಿಯುವುದು ಆ ರವಿಕೆಯ ಬಿಚ್ಚಿದ ಹೊಲಿಗೆಗಳಿಂದ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ದಿನ ಗಂಡ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದ. “ಭಾನುವಾರ ದುರ್ಗಕ್ಕೆ ಹೋಗಾಣ. ಅಲ್ಲಿ ಸೈನ್ಸ್ ಮ್ಯೂಸಿಯಂ ಐತಂತೆ. ಎಲ್ಲಾನೂ ಮುಟ್ಟಿ ನೋಡಬೌದಂತೆ. ಅಣ್ಣನ ಕಾರಲ್ಲಿ ಹೋಗಾದು, ಅವ್ವನೂ ಬರ್ತಾಳೆ. ನಿನ್ನನ್ನೂ ಕರ್ಕಂಬಾ ಅಂತ ಅವ್ವನೇ ಅಂದ್ಲು.”

ಅವ್ವನೇ ಅಂದಳು ಎಂಬ ಮಾತಿಗೆ ನಾನು ಮರುಳಾದೆ. ಆ ಮನೆಯವರ ಜೊತೆ ನಾನು ಮದುವೆಗೆ ಹೋಗಿಲ್ಲ, ಮಠಕ್ಕೆ ಹೋಗಿಲ್ಲ, ಒಂದು ಸಿನಿಮಾಕ್ಕೂ ಹೋಗಿಲ್ಲ. ಈಗ ತಾವಾಗಿಯೇ ಕರೆದಿದ್ದಾರೆ. ಬದಲಾಗಿರಬೇಕು, ವಯಸ್ಸಾಯಿತಲ್ಲ, ಈ ಸಲವಾದರೂ ಆ ಕೈ ನನ್ನ ಕೈಯನ್ನು ಒಮ್ಮೆ ಹಿಡಿದೀತು ಎಂದು ಆಸೆಪಟ್ಟೆ. ಶನಿವಾರ ಸಂಜೆ ಎರಡೂ ಕೈಗೆ ಮೆಹಂದಿ ಹಚ್ಚಿಕೊಂಡೆ. ಅದನ್ನು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಾರಿನಲ್ಲಿ ಭಾವನ ಪಕ್ಕ ಮುಂದಿನ ಸೀಟಿಗೆ ಅತ್ತೆಯನ್ನು ಹತ್ತಿಸಿದರು. ಮಂಡಿನೋವಂತೆ. ಮಂಡಿನೋವು ಬಹಳ ಅನುಕೂಲದ ಕಾಯಿಲೆ. ಹಿಂದಿನ ಸೀಟಿನಲ್ಲಿ ಭಾವನ ಹೆಂಡತಿ, ನನ್ನ ಗಂಡ, ನಾನು, ನನ್ನ ತೊಡೆಯ ಮೇಲೆ ಒಂದನೇ ಕ್ಲಾಸಿನ ಮಗಳು. ಗುಡ್ಡದ ಮೇಲೆ ಗಾಳಿಯಂತ್ರ ಕಂಡಾಗಲೆಲ್ಲ ಅವಳು “ಅಜ್ಜೀ, ಫ್ಯಾನು!” ಎಂದು ಕಿರುಚುತ್ತಿದ್ದಳು. ಅತ್ತೆ ಪ್ರತಿ ಸಲವೂ ಹೊಸದಾಗಿ ನೋಡಿದವರಂತೆ “ಹೌದಲ್ಲವ್ವ!” ಎನ್ನುತ್ತಿದ್ದರು. ಮೊಮ್ಮಗಳ ಮೇಲೆ ಅವರಿಗೆ ಜೀವ. ಅದನ್ನು ಇಲ್ಲ ಎನ್ನಲಾರೆ.

ಮ್ಯೂಸಿಯಂ ನಿಜಕ್ಕೂ ಚೆನ್ನಾಗಿತ್ತು. ಸೊಟ್ಟ ಕನ್ನಡಿಯ ಮುಂದೆ ಭಾವ ಗುಡಾಣದಂತೆ ಕಂಡರು, ಎಲ್ಲರೂ ನಕ್ಕೆವು. ಹಾಲಿನ ಈ ತುದಿಗೊಂದು, ಆ ತುದಿಗೊಂದು ದೊಡ್ಡ ತಟ್ಟೆ ನಿಲ್ಲಿಸಿದ್ದರು. ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ಕೇಳುತ್ತದೆ. ಮಗಳು ಅಜ್ಜಿಯನ್ನು ಆ ತುದಿಗೆ ಎಳೆದುಕೊಂಡು ಹೋಗಿ ನನ್ನನ್ನು ಈ ತುದಿಗೆ ನಿಲ್ಲಿಸಿದಳು. “ಏನವ್ವ, ಕೇಳುಸ್ತೈತಾ?” ಅತ್ತೆಯ ಉಸಿರೂ ಸೇರಿ ದನಿ ನನ್ನ ಕಿವಿಯೊಳಗೇ ಬಂತು. ಅಷ್ಟು ಹತ್ತಿರದಿಂದ ಅವರ ದನಿಯನ್ನು ನಾನು ಕೇಳಿಯೇ ಇರಲಿಲ್ಲ. “ಕೇಳುಸ್ತೈತೆ ಅತ್ತೆ” ಎಂದೆ. ಆಸೆ ಇನ್ನಷ್ಟು ಹೆಚ್ಚಾಯಿತು.

ಅಲ್ಲಿಂದ ಮುಂದೆ ಒಂದು ಮೇಜು. ಮೇಜಿನ ಎರಡು ಬದಿಗೆ ಎರಡು ತಾಮ್ರದ ತಗಡು, ನಡುವೆ ಒಂದು ಬಲ್ಬು. ಅಲ್ಲಿದ್ದ ಗೈಡ್ ಹುಡುಗಿ ಕರೆದಳು. “ಬರ್ರಿ, ಫ್ಯಾಮಿಲಿಯೋರೆಲ್ಲ ಸಾಲಾಗಿ ಕೈ ಕೈ ಹಿಡ್ಕಳ್ರಿ. ಆ ತುದೀಲಿರೋರು ಆ ತಗಡು ಮುಟ್ರಿ, ಈ ತುದೀಲಿರೋರು ಇದನ್ನ. ನಿಮ್ಮ ಮೈಯಾಗೇ ಕರೆಂಟ್ ಹರಿದು ಲೈಟ್ ಹತ್ತತೈತೆ. ಹೆದರಬ್ಯಾಡ್ರಿ, ಶಾಕ್ ಹೊಡೆಯಲ್ಲ.”

ಸಾಲು ಮಾಡಿದ್ದು ನನ್ನ ಮಗಳು. ಒಂದು ತುದಿಗೆ ದೊಡ್ಡಪ್ಪ, ಆಮೇಲೆ ದೊಡ್ಡಮ್ಮ, ಆಮೇಲೆ ಅಜ್ಜಿ, ಅಜ್ಜಿಯ ಪಕ್ಕ ನಾನು, ನನ್ನ ಪಕ್ಕ ಅವಳು, ಇನ್ನೊಂದು ತುದಿಗೆ ಅವಳಪ್ಪ. ಮಗುವಿಗೇನು ಗೊತ್ತು.

ಅತ್ತೆಯ ಕೈ ನನ್ನ ಕಡೆ ಬಂತು. ಬರುವ ದಾರಿಯಲ್ಲೇ ಆ ಕೈ ಸೆರಗನ್ನು ಸುತ್ತಿಕೊಂಡಿತು, ಒಲೆಯಿಂದ ಬಿಸಿ ಪಾತ್ರೆ ಇಳಿಸುವಾಗ ಸುತ್ತಿಕೊಳ್ಳುವಂತೆ. ಸುತ್ತಿಕೊಂಡು ನನ್ನ ಬೆರಳುಗಳನ್ನು ಹಿಡಿಯಿತು. ಗಟ್ಟಿಯಾಗಿಯೇ ಹಿಡಿಯಿತು.

ಬಲ್ಬು ಹತ್ತಲಿಲ್ಲ.

“ಯಾರೋ ಸರಿಯಾಗಿ ಹಿಡಿದಿಲ್ಲ ನೋಡ್ರಿ” ಎಂದಳು ಗೈಡ್. ಹಿಡಿದೀವಿ, ಹಿಡಿದೀವಿ ಎಂದು ಎಲ್ಲರೂ ಕೂಗಿದರು. ಅತ್ತೆಯೂ “ನಾನೂ ಹಿಡಿದೀನಪ್ಪ” ಎಂದರು. ಭಾವನ ಹೆಂಡತಿ ನನ್ನ ಕೈ ನೋಡಿ, “ಇವಳ ಮೆಹಂದಿಯಿಂದ ಇರಬೇಕು” ಎಂದಳು. “ಮೆಹಂದಿಯಿಂದ ಏನೂ ಆಗಲ್ರಿ” ಎಂದು ಗೈಡ್ ನಕ್ಕಳು. ಅವಳು ನಿಂತಿದ್ದ ಕಡೆಯಿಂದ ಸೆರಗು ಕಾಣುತ್ತಿರಲಿಲ್ಲ.

ನನ್ನ ಗಂಡನಿಗೆ ಕಂಡಿತು. ಮಗಳ ತಲೆಯ ಮೇಲಿಂದ ಅವನು ಕೆಳಗೆ ನೋಡಿದ, ಅವ್ವನ ಕೈ ನೋಡಿದ, ನನ್ನ ಮುಖ ನೋಡಿದ. ಬೆಳಗಿಂದ ಸಂಜೆಯವರೆಗೆ ಕರೆಂಟಿನ ಜೊತೆಗೇ ಬದುಕುವವನು ಅವನು. ಒಣ ಬಟ್ಟೆ ಅಡ್ಡ ಇದ್ದರೆ ಕರೆಂಟ್ ದಾಟುವುದಿಲ್ಲ ಎಂದು ನನಗೆ ಹೇಳಿಕೊಟ್ಟವನೇ ಅವನು, ನನ್ನ ಹೊಲಿಗೆ ಮಿಷನ್ನು ಮುಟ್ಟಿದರೆ ಜುಂ ಎಂದು ಶಾಕ್ ಹೊಡೆಯುತ್ತಿದ್ದ ಕಾಲದಲ್ಲಿ. ‘ಅವ್ವಾ, ಸೆರಗು ಬಿಡು’ ಎಂದರೆ ಸಾಕಿತ್ತು. ಒಂದೇ ಮಾತು. ನಾನು ಕಾದೆ.

“ಮಿಷನ್ನೇ ಕೆಟ್ಟಿರಬೇಕು ಬಿಡ್ರಿ” ಎಂದ.

“ಇಲ್ಲ ಸಾರ್, ಈಗ್ತಾನೆ ಇನ್ನೊಂದು ಫ್ಯಾಮಿಲಿಯೋರು ಹಚ್ಚಿ ಹೋದ್ರು” ಎಂದಳು ಗೈಡ್.

ಹಿಂದೆ ಜನ ಕಾಯುತ್ತಿದ್ದರು. ಮಗಳ ಮುಖ ಅಳುವ ಹಾಗಾಗಿತ್ತು. ಆಗ ಗಂಡ ತಗಡಿನಿಂದ ಕೈ ತೆಗೆದು ಜೇಬಿನಿಂದ ಫೋನು ಹೊರತೆಗೆದ. “ಲೇ, ನೀನು ಈಚೆ ಬಾ. ನೀನು ಫೋಟೋ ತೆಗಿ” ಎಂದ. ಬಹಳ ಮೆತ್ತಗೆ ಹೇಳಿದ. ಎಲ್ಲಿ ತುಂಡಾಗಿದೆ ಎಂದು ಗೊತ್ತಿರುವ ಮೆಕ್ಯಾನಿಕ್ಕು ಅವನು. ಆ ಜಾಗವನ್ನು ಬಿಟ್ಟು ವೈರು ಜೋಡಿಸಿದ.

ನಾನು ಈಚೆ ಬಂದೆ. ಅತ್ತೆ ಸೆರಗನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಮೊಮ್ಮಗಳ ಕೈಯನ್ನು ಬರಿಗೈಯಲ್ಲಿ ಹಿಡಿದರು. ಬಲ್ಬು ಹತ್ತಿತು. ಎಲ್ಲರೂ ಹೋ ಎಂದು ಕೂಗಿದರು, ಹಿಂದೆ ಇದ್ದವರೂ ಚಪ್ಪಾಳೆ ತಟ್ಟಿದರು. ನಾನು ಫೋಟೋ ತೆಗೆದೆ. ಫೋಟೋದಲ್ಲಿ ಅತ್ತೆ ಹಾಕಿಕೊಂಡಿದ್ದ ನೀಲಿ ರವಿಕೆ ನಾನು ಹೊಲಿದದ್ದು, ತೋಳಿನ ಪಟ್ಟಿ ಚೆನ್ನಾಗಿ ಕೂತಿದೆ. ನನ್ನನ್ನು ತೆಗೆದಿದ್ದಕ್ಕೆ ದೀಪ ಹತ್ತಿತು, ನಿಜ. ಅತ್ತೆಯನ್ನು ತೆಗೆದಿದ್ದರೂ ಹತ್ತುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಯಾರಿಗೆ ಹೊಳೆಯಿತೋ ಅವನು ಹೇಳಲಿಲ್ಲ.

ಹೊರಗೆ ಮರದ ಕೆಳಗೆ ಕೂತು ರೊಟ್ಟಿ ತಿನ್ನುವಾಗ ಮಗಳು ಕೇಳಿದಳು. “ಅಮ್ಮಾ, ನಿನ್ನ ಮೈಯಾಗೆ ಕರೆಂಟ್ ಹೋಗಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಗಂಡ ಉತ್ತರ ಕೊಟ್ಟ. “ಕೆಲವರ ಕೈ ಒಣಗಿರ್ತೈತೆ ಮಗಾ, ಅದಕ್ಕೇ.” ಅತ್ತೆ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಎದುರಿಗೆ ಇಟ್ಟು ಕೈ ಹಿಂದಕ್ಕೆ ಎಳೆದುಕೊಂಡರು. ವಾಪಸು ಬರುವಾಗ ಕಾರಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಆ ಫೋಟೋ ಗಂಡನ ಫೋನಿನ ಮುಖಕ್ಕೇ ಬಂದು ಕೂತಿತು. ನಮ್ಮ ಫ್ಯಾಮಿಲಿ ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಇದರಾಗೆ ನಿನ್ನ ಹೆಂಡ್ತಿ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ “ಅವಳೇ ತೆಗೆದಿದ್ದು” ಎಂದು ಹೆಮ್ಮೆಯಿಂದ ಹೇಳಿದ್ದು ನನ್ನ ಮಿಷನ್ನಿನವರೆಗೂ ಕೇಳಿಸಿತು.

ಕೆಲವು ದಿನ ಕಳೆದು ಒಂದು ಸಂಜೆ ಅಂಗಡಿಯ ಮುಂದೆ ಮಗಳು ಓಣಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕರೆಂಟಿನ ಆಟ ಆಡುತ್ತಿದ್ದಳು. ಅವಳಪ್ಪನೂ ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಆಟ ನೋಡಿ ನನಗೂ ಮನಸ್ಸಾಗಿ ಎದ್ದು ಹೋಗಿ ಸಾಲಿನ ಕೊನೆಗೆ ಕೈ ಚಾಚಿದೆ. ಮಗಳು ತಲೆಯಲ್ಲಾಡಿಸಿದಳು.

“ನೀನ್ ಬ್ಯಾಡಮ್ಮ. ನೀನ್ ಬಂದ್ರೆ ಲೈಟ್ ಹತ್ತಲ್ಲ. ನೀನು ಫೋಟೋ ತೆಗಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವಿರಲಿಲ್ಲ. ಆಟದ ನಿಯಮ ಹೇಳಿದಂತೆ ಹೇಳಿದಳು. ಅತ್ತೆ ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಬಾರದ ಕಣ್ಣೀರು ಆಗ ಬಂತು. ನಾನು ಅಲ್ಲೇ, ಮಕ್ಕಳೆಲ್ಲರ ಎದುರಿಗೇ ಹೇಳಿದೆ. “ನನ್ನ ಕೈ ಒಣಗಿಲ್ಲ ಮಗಾ. ಅವತ್ತು ಅಜ್ಜಿ ನನ್ನ ಕೈ ಹಿಡೀಲಿಲ್ಲ, ನಡುವೆ ಸೆರಗು ಇಟ್ಕಂಡಿದ್ರು. ಬಟ್ಟೆಯಾಗೆ ಕರೆಂಟ್ ಹೋಗತೈತಾ ಅಂತ ನಿಮ್ಮಪ್ಪನ್ನ ಕೇಳು.”

ಅವಳು ಕೇಳಿದಳು. ಅವನು ಕಾಲ ಬೆರಳು ನೋಡುತ್ತ “ಹೋಗಲ್ಲ” ಎಂದ.

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

ಅವನು ಎದ್ದು ಬೈಕಿನ ಹತ್ತಿರ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದ. ಒಳಗೆ ಹೊಸ ರವಿಕೆ ಬಟ್ಟೆ, ಅಳತೆಗೆ ಅದೇ ನೀಲಿ ರವಿಕೆ. “ಅವ್ವ ಕಳಿಸಿದ್ಲು. ಅರ್ಜೆಂಟಂತೆ” ಎಂದ.

“ಹಳೇ ರವಿಕೆ ಬ್ಯಾಡ. ಇಲ್ಲಿಗೆ ಬಂದು ಅಳತೆ ಕೊಡಾಕೆ ಹೇಳು” ಎಂದೆ. “ನಡುವೆ ಟೇಪು ಇರ್ತೈತೆ, ಹೆದರಬ್ಯಾಡ ಅನ್ನು.”

ಕವರು ತೆಗೆದುಕೊಳ್ಳಲು ನಾನು ಕೈ ಚಾಚಿಯೇ ಇದ್ದೆ. ಅವನು ನನ್ನ ಮುಖ ನೋಡದೆ ಅದನ್ನು ಬಾಗಿಲ ಬಳಿಯ ಕಟಿಂಗ್ ಮೇಜಿನ ಮೇಲೆ ಇಟ್ಟು, ಹಿಂದೆ ಸರಿದ.